ಗೋಡೆ ಎಂದು ಬರೆದ ವರ್ಷ

ನಮ್ಮ ಮನೆಗೆ ನಾನು ಸುಣ್ಣ ಹಚ್ಚಿಸುವುದಿಲ್ಲ. ಜೇವರ್ಗಿಯಲ್ಲಿ ಮನೆ ಕಟ್ಟಿಸಿ ಇಷ್ಟು ವರ್ಷವಾಯಿತು, ಹಬ್ಬ ಹತ್ತಿರ ಬಂತೆಂದರೆ ಹೆಂಡತಿ ಸುಣ್ಣದ ಮಾತು ತೆಗೆಯುತ್ತಾಳೆ, ನಾನು ಸುಮ್ಮನೆ ಹೋಗಿ ಬಣ್ಣದ ಡಬ್ಬಿ ತರುತ್ತೇನೆ. ಸುಣ್ಣದ ಗೋಡೆ ಬೇಸಿಗೆಯಲ್ಲಿ ತಂಪು, ಡಬ್ಬಿಯ ಬಣ್ಣಕ್ಕೆ ಉಸಿರಿಲ್ಲ ಎಂದು ಅವಳ ವಾದ. ವಾದ ಸರಿಯೇ ಇದೆ. "ಇವ್ರಿಗಿ ಸುಣ್ಣದ ಮ್ಯಾಲ ಏನೋ ಸಿಟ್ಟು ಅದ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಾನೂ ನಗುತ್ತೇನೆ.

ಮೊನ್ನೆ ಎದುರುಮನೆಯವರು ಅಂಗಳದಲ್ಲಿ ಹಳೆಯ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದರು. ಕೊತಕೊತ ಕುದಿಯುವ ಸಪ್ಪಳ ಮೊದಲು ಬಂತು, ಆಮೇಲೆ ವಾಸನೆ. ಗಂಟಲು ಒಣಗಿಸುವ, ಮೂಗಿನೊಳಗೆ ಹೋಗಿ ಕೂತುಬಿಡುವ ಆ ಬಿಸಿ ವಾಸನೆ ಗೊತ್ತಿದ್ದವರಿಗೆ ಗೊತ್ತು. ಓದುತ್ತಿದ್ದ ಪೇಪರು ಮಡಿಸಿಟ್ಟು ಒಳಗೆ ಹೋಗಿ ಕೂತೆ. ಹೆಂಡತಿ ಚಹಾ ತಂದವಳು ಮುಖ ನೋಡಿ, ಏನಾಯಿತು ಅಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ನನಗ್ಯಾಕ ಹೇಳ್ತೀರಿ? ನಾ ಏನು ಮಾಡ್ಲಿ ಅದಕ್ಕ? ಬರೀರಿ" ಅಂದು ಕಪ್ಪು ತೆಗೆದುಕೊಂಡು ಹೋದಳು.

ಮಂಡಲ ಪಂಚಾಯಿತಿಗಳು ಬಂದ ಮರುವರ್ಷದ ಮಾತು ಇದು. ನಾನು ಅಫಜಲಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸೆಕ್ರೆಟರಿ ಎಂದು ಮಾಡಿ ಆಳಂದ ತಾಲೂಕಿನ ಒಂದು ಊರಿಗೆ ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ. ಆಳಂದದಿಂದ ಖಜೂರಿಗೆ ಹೋಗುವ ರಸ್ತೆ ಬಿಟ್ಟು ಒಂದೂವರೆ ಮೈಲಿ ಒಳಗೆ ಇದೆ ಎಂದರೆ ಸಾಕು, ಆ ಊರಿನವರು ಓದಿದರೆ ಅವರಿಗೆ ತಿಳಿಯುತ್ತದೆ. ನನಗೆ ಆಗ ಬರವಣಿಗೆಯ ಸೊಕ್ಕು ಇತ್ತು. ಎಂಥ ಜಗಳದ ಸಭೆಯಿದ್ದರೂ ಎಲ್ಲರೂ ದಸ್ಕತ್ ಹಾಕುವಂಥ ಒಂದು ವಾಕ್ಯ ಹುಡುಕಿ ಕೊಡುತ್ತೇನೆ ಎಂದು ಅಫಜಲಪುರದಲ್ಲಿ ಹೆಸರು ಮಾಡಿದ್ದೆ. ಸಾಹೇಬರು ಬೇರೆ ಕಚೇರಿಯವರ ಮುಂದೆ ನನ್ನನ್ನು ಹೊಗಳಿದ್ದರು. ಆ ಹೊಗಳಿಕೆಯನ್ನು ಟ್ರಂಕಿನಲ್ಲಿ ಬಟ್ಟೆಯ ಜೊತೆ ಇಟ್ಟುಕೊಂಡೇ ಬಂದೆ ಅನ್ನಬೇಕು.

ಮಿರಗದ ಮಳೆ ಹಿಡಿದಿತ್ತು. ಎರೆಹೊಲದ ಸೀಮೆ ಅದು, ಮಳೆ ಬಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು, ಮಣ್ಣು ಕಾಲನ್ನು ಬಿಡುವುದೇ ಇಲ್ಲ. ಖಜೂರಿ ರಸ್ತೆ ಬಿಟ್ಟು ಬಸ್ಸು ಒಳಗೆ ಹೊರಳಿದಾಗ, ಇನ್ನು ಇಳಿದು ದೂಡುವುದೇ ಎಂದು ಪ್ಯಾಂಟು ಮಡಚಿ ಕೂತೆ. ಬಸ್ಸು ನಿಲ್ಲಲಿಲ್ಲ. ಎರಡು ಕಡೆ ಕರಿ ಹೊಲ, ನಡುವೆ ಕೆಂಪು ಗರಸುಮಣ್ಣು, ನಮ್ಮ ಕಡೆಯ ಮುರುಮು, ಹಾಕಿದ ರಸ್ತೆ, ಗಟ್ಟಿಯಾಗಿ, ನೀರು ಎರಡು ಬದಿಗೆ ಹರಿದು ಹೋಗುವ ಹಾಗೆ ನಡು ಎತ್ತರಿಸಿ ಮಾಡಿದ್ದು. ಇಷ್ಟು ಚೊಲೋ ರಸ್ತೆ ಸರಕಾರ ಮಾಡಿದ್ದಾಗಿರಲಿಕ್ಕಿಲ್ಲ ಅಂದುಕೊಂಡೆ.

ಇಳಿದದ್ದು ಒಂದು ಬಸ್ ಶೆಡ್ಡಿನ ಮುಂದೆ. ಮೇಲೆ ತಗಡು, ಮುಂದೆ ಎರಡು ಕಲ್ಲುಗಂಬ, ಹಿಂದೆ ಉದ್ದನೆಯ ಗೋಡೆ. ಮಳೆಗೆ ತಲೆ ಬಗ್ಗಿಸಿ ಒಳಗೆ ಓಡಿದವನು ತಲೆ ಎತ್ತಿ ನೋಡಿದರೆ, ಗೋಡೆಯ ತುಂಬ ಮಂದಿ.

ಆಳೆತ್ತರದ ಮಂದಿ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲಾಗಿ ನಿಂತು ಮುರುಮಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ರುಮಾಲಿನವರು, ಟೊಪ್ಪಿಗೆಯವರು, ಬರಿತಲೆಯವರು, ಕಚ್ಚೆ ಹಾಕಿದ ಹೆಂಗಸರು. ಸೀರೆಗಳೆಲ್ಲ ಟ್ರಕ್ಕಿನ ಹಸಿರು, ಟ್ರಕ್ಕಿನ ಕೆಂಪು. ಕಣ್ಣುಗಳೂ ಹಾಗೆಯೇ, ಟ್ರಕ್ಕಿನ ಹಿಂದೆ ಬರೆದಿರುತ್ತಾರಲ್ಲ ಆ ಕಮಲದ ಕಣ್ಣು, ಮುದುಕರಿಗೂ ಅದೇ ಕಣ್ಣು. ನಗು ಬಂತು. ಎಡಗಡೆಯಿಂದ ಏಳನೆಯ ಹುಡುಗಿಯ ಹತ್ತಿರ ಬಂದಾಗ ಮಾತ್ರ ನಗು ನಿಂತಿತು. ಅವಳ ಕಣ್ಣು ಬೇರೆ ಇದ್ದವು, ಸಣ್ಣವು, ಒಂದು ಸ್ವಲ್ಪ ಇನ್ನೊಂದಕ್ಕಿಂತ ಮೇಲೆ. ಮುಂದಿನ ಹಲ್ಲಿನ ನಡುವೆ ಸಂದು. ಬುಟ್ಟಿ ಕೊಡುತ್ತ ಕೊಡುತ್ತ ಬುಟ್ಟಿಯ ಕಡೆ ನೋಡದೆ ನಮ್ಮ ಕಡೆಗೇ ನೋಡುತ್ತಿದ್ದಳು.

ಆ ಹುಡುಗಿಯ ಕೆಳಗೆ, ನೆಲದ ಮೇಲೆ, ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಬಸ್ಸು ಹೊರಟು ಹೋಯಿತು, ಅವಳು ಏಳಲಿಲ್ಲ.

"ಯಾವ ಬಸ್ಸಿಗಿ ಕುಂತೀದಿ ಯವ್ವಾ?" ಎಂದು ಕೇಳಿದೆ.

"ಬಸ್ಸಿಗಲ್ರಿ," ಅಂದಳು. "ಮಗಳ ಬಲ್ಲಿ ಕುಂತೇನ್ರಿ."

ಅವಳು ಭೀಮಬಾಯಿ. ಹೊಲಗೇರಿಯವಳು, ತೊಗರಿ ಹೊಲಕ್ಕೆ ಕೂಲಿಗೆ ಹೋಗುವವಳು. ಗೋಡೆಯ ಮೇಲಿನ ಹುಡುಗಿ ಅವಳ ಮಗಳು ಚಂದಮ್ಮ.

ನಮ್ಮ ಕಚೇರಿಯ ಜವಾನ ನಿಂಗಪ್ಪ ಆ ಕಥೆ ಹೇಳಿದ. ಹತ್ತು ವರ್ಷದ ಹಿಂದೆ ಈ ಊರಿಗೆ ಬಸ್ಸು ಬೇಸಿಗೆಗಷ್ಟೇ ಬರುತ್ತಿತ್ತು. ರಸ್ತೆ ಮಾಡಿಕೊಡಿ ಎಂದು ಅರ್ಜಿ ಬರೆದು ಬರೆದು ಸಾಕಾಗಿ, ಒಂದು ಬೇಸಿಗೆ ಊರೇ ಇಳಿದು ಒಂದೂವರೆ ಮೈಲಿ ಮುರುಮು ಹಾಕಿತು. ಗುಡ್ಡದ ಕಡೆಯಿಂದ ಬುಟ್ಟಿ ಸಾಲಿನಲ್ಲಿ ಬರಬೇಕು. ಸಾಲಿನಲ್ಲಿ ಯಾರ ಪಕ್ಕ ಯಾರು ಎಂದು ಆರಿಸಿಕೊಳ್ಳಲು ಬರುವುದಿಲ್ಲ, ಒಬ್ಬ ಹಿಂದೆ ಸರಿದರೆ ಬುಟ್ಟಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಒಂದು ಬೇಸಿಗೆಯ ಮಟ್ಟಿಗೆ ಆ ಊರಿನಲ್ಲಿ ಎಲ್ಲರ ಕೈ ಎಲ್ಲರ ಕೈಗೆ ಹತ್ತಿತು. ಮಳೆಗಾಲದಲ್ಲಿ ಮೊದಲ ಬಸ್ಸು ಬರುವ ದಿನಕ್ಕೆಂದು, ಖಜೂರಿಯಲ್ಲಿ ಟ್ರಕ್ಕುಗಳಿಗೆ ಬಣ್ಣ ಬರೆಯುತ್ತಿದ್ದ ದಸ್ತಗೀರಸಾಬನನ್ನು ಕರೆಸಿ ಶೆಡ್ಡಿನ ಗೋಡೆಯ ಮೇಲೆ ಚಿತ್ರ ಬರೆಸಿದರು. ಅವನೂ ಆ ಊರಿನವನೇ, ಅವನೂ ಬುಟ್ಟಿ ಹೊತ್ತವನೇ. ಎಲ್ಲರನ್ನೂ ಮನಸ್ಸಿನಿಂದ ಬರೆದ. ಚಂದಮ್ಮ ಮಾತ್ರ ಕೆಲಸ ಬಿಟ್ಟು ಎರಡು ದಿನ ಅವನೆದುರು ನಿಂತುಕೊಂಡು, "ನನಗ ಆ ದೊಡ್ಡ ಕಣ್ಣು ಬ್ಯಾಡ ಚಾಚಾ, ನನ್ನವೇ ಬರಿ" ಎಂದು ಹಟ ಹಿಡಿದಳಂತೆ. ಮರುವರ್ಷ ಅವಳ ಮದುವೆಯಾಯಿತು. ಅದರ ಮರುವರ್ಷ ಬಾಣಂತನದಲ್ಲಿ ಹೋದಳು.

ಆ ಮಳೆಗಾಲ ಚೆನ್ನಾಗಿತ್ತು. ತೊಗರಿ ಮೊಳಕಾಲೆತ್ತರ ಬಂದಿತ್ತು, ಹೆಸರು ಹೂ ಬಿಟ್ಟಿತ್ತು. ಕಚೇರಿಯ ಹೆಂಚು ಸೋರುತ್ತಿತ್ತು, ನಿಂಗಪ್ಪ ದಾಖಲೆಯ ಗಂಟುಗಳನ್ನು ಮೂಲೆಯಿಂದ ಮೂಲೆಗೆ ಹೊತ್ತು ತಿರುಗುತ್ತಿದ್ದ. ಅಂಥ ಒಂದು ದಿನ ಹೊಸ ಬಸ್ ಶೆಡ್ಡಿಗೆ ಮಂಜೂರಾತಿ ಬಂತು. ಸಿಮೆಂಟಿನದು, ಕುಳಿತುಕೊಳ್ಳಲು ಕಟ್ಟೆ ಇರುವುದು. ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಬೇಕು ಎಂದಿತ್ತು. ನಾನು ಕಾಗದ ಓದಿ ಫೈಲಿಗೆ ಹಾಕಿದೆ. ಗೋಡೆಯ ನೆನಪೇ ಆಗಲಿಲ್ಲ, ನಿಜ ಹೇಳಬೇಕೆಂದರೆ.

ಮರುದಿನ ಭೀಮಬಾಯಿ ಬಂದು ಕಚೇರಿಯ ಹೊರಗೆ ಹೆಂಚಿನ ನೀರು ಬೀಳುವಲ್ಲಿ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಸಾಹೇಬ್ರ, ಗ್ವಾಡಿ ಕೆಡವ್ತಾರಂತ, ಹೌದೇನ್ರಿ?"

"ಹೊಸಾದು ಕಟ್ತಾರ ಯವ್ವಾ. ಕುಂಡ್ರಲಿಕ್ಕಿ ಕಟ್ಟಿ ಇರ್ತದ."

"ಕಟ್ಟಿ ತಗೊಂಡು ಏನು ಮಾಡ್ಲಿ?" ಅಂದಳು. "ಅಕಿದು ನನ್ನ ಬಲ್ಲಿ ಒಂದು ಫೋಟೋ ಇಲ್ರಿ. ಲಗ್ನದಾಗೂ ತೆಗಸ್ಲಿಲ್ಲ. ಗ್ವಾಡಿ ಹ್ವಾದ್ರ ಅಕಿ ಮಾರಿ ನಂಗ ಮರೀತದ. ಈಗೇ ಒಂದೊಂದು ದಿನಾ ಮರೀತದ್ರಿ, ಹೋಗಿ ನೋಡಿ ಬರ್ತೇನಿ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಕಳಿಸಿಬಿಡುತ್ತಿದ್ದೆನೇನೋ. ಆ ಸಂಜೆ ಶೆಡ್ಡಿಗೆ ಹೋಗಿ ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಇದನ್ನು ಉಳಿಸಬೇಕು ಎಂದು ಆಗ ಮನಸ್ಸಿಗೆ ಬಂತು, ಬಂದದ್ದೇ ಅದು ನನ್ನ ಸ್ವಂತ ಕೆಲಸವಾಗಿಬಿಟ್ಟಿತು.

ಗುಲ್ಬರ್ಗಾಕ್ಕೆ ಹೋದಾಗ ಹಳೆಯ ಗುಡಿ ಗುಮ್ಮಟಗಳ ವಿಷಯ ಬಲ್ಲ ಒಬ್ಬ ಹಿರಿಯರನ್ನು ಕಂಡೆ. ಎಷ್ಟು ಹಳೆಯದು ಎಂದು ಕೇಳಿದರು. ಹತ್ತು ವರ್ಷ ಅಂದೆ. ಅವರು ಕನ್ನಡಕ ತೆಗೆದು, "ನನ್ನ ಸೈಕಲ್ಲೇ ಅದಕ್ಕಿಂತ ಹಳೇದು ಅದ್ರಿ" ಎಂದು ನಕ್ಕರು. ಆದರೂ ಒಳ್ಳೆಯವರು, ಒಂದು ಹಾದಿ ಹೇಳಿಕೊಟ್ಟರು. ಸರಕಾರದ ಸ್ಮಾರಕಗಳ ಪಟ್ಟಿಯಲ್ಲಿ ಸೇರಬೇಕಾದರೆ ನೂರಾರು ವರ್ಷ ಕಳೆದಿರಬೇಕು. ಆದರೆ ಊರು ತನ್ನ ಮಟ್ಟಿಗೆ ಇದು ನಮ್ಮ ಸ್ಮಾರಕ ಎಂದರೆ ಬೇಡ ಅನ್ನುವವರು ಯಾರು? ಮಂಡಲದಲ್ಲಿ ಒಂದು ಠರಾವು ಪಾಸು ಮಾಡಿ, ಶೆಡ್ಡು ಪಕ್ಕದಲ್ಲಿ ಕಟ್ಟಿಕೊಳ್ಳಿ ಅಂದರು.

ಬರುವ ದಾರಿಯಲ್ಲಿ ಖಜೂರಿಯಲ್ಲಿ ಇಳಿದು ದಸ್ತಗೀರಸಾಬನಿಗೆ ಸುದ್ದಿ ಹೇಳಿದೆ. ಒಂದು ಟ್ರಕ್ಕಿನ ಹಲಗೆಯ ಮೇಲೆ ಗಿಳಿ ಬರೆಯುತ್ತ ಕೂತಿದ್ದ. ಕುಂಚ ನಿಲ್ಲಿಸದೆ ಕೇಳಿದ:

"ಠರಾವ್ ಅಂದ್ರ ಏನ್ರಿ ಸಾಹೇಬ್? ನಮ್ಮ ಮಾತಿನಾಗ ಠೈರೋ ಅಂದ್ರ ನಿಂದ್ರು ಅಂತ. ಹಂಗಾದ್ರ ಠರಾವ್ ಅಂದ್ರ ನಿಂದರಸೂದು, ಅಲ್ಲೇನ್ರಿ?"

ನಾನು ಸಾವಿರ ಠರಾವು ಬರೆದವನು, ಒಮ್ಮೆಯೂ ಆ ಶಬ್ದದ ಒಳಗೆ ಇಣುಕಿ ನೋಡಿರಲಿಲ್ಲ. ಹೌದು ಅಂದೆ.

"ಬರೀರಿ ಮತ್ತ. ಬಣ್ಣಕ್ಕ ನಿಂದರಸೂ ಕಾಗದ ಇದ್ರ ಚೊಲೋನೇ ಆಯ್ತು. ನನ್ನ ಗಿಳಿ ಒಂದೂ ಎರಡು ವರ್ಷದ ಮ್ಯಾಲ ನಿಂತಿಲ್ಲ."

ಶ್ರಾವಣದಲ್ಲಿ ಸಭೆ ನಡೆಯಿತು. ನಾನು ಬರೆದುಕೊಂಡು ಹೋದ ಕರಡಿನಲ್ಲಿ "ಬಸ್ ನಿಲ್ದಾಣದ ಗೋಡೆಯ ಮೇಲಿನ ಚಿತ್ರವನ್ನು ಊರಿನ ಸ್ಮಾರಕವೆಂದು ಕಾಪಾಡತಕ್ಕದ್ದು" ಎಂದಿತ್ತು. ಓದಿ ಮುಗಿಸಿದೆ. ಮಂಡಲದ ಅಧ್ಯಕ್ಷರು, ಆಗ ಪ್ರಧಾನರು ಅನ್ನುತ್ತಿದ್ದರು, ತಲೆಯಾಡಿಸಿದರು. ಆಗ ಮಾಲೀಪಾಟೀಲರು ಮಾತು ತೆಗೆದರು. ಊರಿನ ದೊಡ್ಡ ಜಮೀನುದಾರರು, ಸದಸ್ಯರು. ಕೆಟ್ಟವರಲ್ಲ. ಹಣೆಯ ತುಂಬ ವಿಭೂತಿ, ಬಸವಣ್ಣನ ಮಾತು ಬಾಯಲ್ಲಿ ಯಾವಾಗಲೂ ಇರುತ್ತಿತ್ತು, ಹೇಳುವಾಗ ಕಣ್ಣಲ್ಲಿ ನೀರೂ ಬರುತ್ತಿತ್ತು.

"ಸೆಕ್ರೆಟ್ರಿಯವರ, ಚಿತ್ರ ಪೂರಾ ನೋಡೀರೇನು?"

"ದಿನಾ ನೋಡ್ತೇನ್ರಿ ಗೌಡ್ರ."

"ನಮ್ಮಪ್ಪ ಬುಟ್ಟಿ ಯಾರ ಕೈಯಾಗಿಂದ ಇಸ್ಕೊಳ್ಳಾಕತ್ತಾನ?"

 ಚಿತ್ರದಲ್ಲಿ ಎಂಟನೆಯವರು ಅವರ ತಂದೆ, ತೀರಿಕೊಂಡು ಆರೇಳು ವರ್ಷವಾಗಿತ್ತು. ರುಮಾಲು ಸುತ್ತಿದ ದೊಡ್ಡ ಆಳು, ಎರಡೂ ಕೈ ಚಾಚಿ, ನಗುತ್ತ, ಚಂದಮ್ಮನ ಕೈಯಿಂದ ಬುಟ್ಟಿ ತೆಗೆದುಕೊಳ್ಳುತ್ತಿದ್ದರು.

"ಅವತ್ತು ಖರೇನೇ ಇಸ್ಕೊಂಡಿದ್ರಂತಲ್ರಿ," ಅಂದೆ ನಾನು.

"ಇಸ್ಕೊಂಡಿದ್ದ. ನಾ ಇಲ್ಲ ಅಂದೇನೇನು? ಊರ ಕೆಲಸ, ಇಸ್ಕೊಂಡ. ಅವತ್ತು ಇಸ್ಕೊಂಡ ಅಂತ ದಿನಾ ಇಸ್ಕೋಬೇಕೇನ್ರಿ? ಬಸ್ ಇಳಿದು ಬಂದ ಬೀಗ್ರು ಒಬ್ಬೊಬ್ರೂ ನಿಂತು ನೋಡ್ತಾರ, ನೋಡಿ ನನ್ನ ಮಾರಿ ನೋಡ್ತಾರ. ಕೆಡವೂದು ಬ್ಯಾಡ ಅಂದ್ರ ಬ್ಯಾಡ. ಚಿತ್ರಕ್ಕ ಮಾತ್ರ ನನ್ನ ದಸ್ಕತ್ ಇಲ್ಲ."

ಇಬ್ಬರು ಮೂವರು ಅವರ ಕಡೆ ವಾಲಿದರು. ಕೈ ಎತ್ತಿಸಿದ್ದರೆ ಠರಾವು ಪಾಸಾಗುತ್ತಿತ್ತು ಎಂದು ಈಗಲೂ ನನ್ನ ಅಂದಾಜು, ಒಂದು ಮತದಿಂದಾದರೂ ಆಗುತ್ತಿತ್ತು. ಆದರೆ ಪ್ರಧಾನರು ನನ್ನ ಕಡೆ ನೋಡಿ, "ಎಲ್ಲಾರೂ ಒಪ್ಪೂ ಹಂಗ ಏನರೆ ಹಾದಿ ಹುಡುಕ್ರಿ" ಅಂದರು. ಅದೇ ನನ್ನ ಕಸಬು. ಪೆನ್ನಿನ ಟೊಪ್ಪಿಗೆ ತೆಗೆದು, "ಗೋಡೆಯ ಮೇಲಿನ ಚಿತ್ರವನ್ನು" ಎಂಬುದನ್ನು ಹೊಡೆದು "ಗೋಡೆಯನ್ನು" ಎಂದು ಮಾಡಿದೆ. ಕಾಪಾಡುವುದು ಎಂಬ ಮಾತೂ ಭಾರವಾಯಿತೆಂದು ತೆಗೆದೆ. "ಸದರಿ ಗೋಡೆಯನ್ನು ಊರಿನ ಸ್ಮಾರಕವೆಂದು ಪರಿಗಣಿಸಿ, ಕೆಡವದೆ, ಪ್ರತಿ ವರ್ಷ ಸುಸ್ಥಿತಿಯಲ್ಲಿ ಇಡತಕ್ಕದ್ದು." ಓದಿದೆ. ಮಾಲೀಪಾಟೀಲರು ಮೊದಲು ದಸ್ಕತ್ ಹಾಕಿದರು. ಮಿರ್ಚಿ ಭಜಿ ತರಿಸಿದರು. ಗೋಡೆ ಉಳಿದರೆ ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತ ಎರಡು ಭಜಿ ಹೆಚ್ಚೇ ತಿಂದೆ.

ಹೊರಗೆ ಭೀಮಬಾಯಿ ಕಾದಿದ್ದಳು.

"ಬರ್ದ್ರೇನ್ರಿ?"

"ಬರ್ದೆ ಯವ್ವಾ. ಯಾರೂ ಕೆಡವಂಗಿಲ್ಲ."

"ನಮ್ಮ ಚಂದಮ್ಮನ ಹೆಸರು ಅದರಾಗ ಅದ ಏನ್ರಿ?"

"ಹೆಸರು ಯಾಕ? ಗ್ವಾಡಿ ಉಳೀತಂದ್ರ ಎಲ್ಲಾ ಉಳೀತು."

"ಗ್ವಾಡಿ ಅಂತ ಬರ್ದೀರಿ," ಅಂದಳು. ಊರ ಕಡೆ ಹೊರಳಿ ನೋಡಿ, "ಗ್ವಾಡಿ ಊರಾಗ ಭಾಳ ಅವಲ್ರಿ" ಅಂದಳು.

ಓದು ಬಾರದವಳು, ತಿಳಿಯಲಿಲ್ಲ ಪಾಪ ಎಂದುಕೊಂಡು ಮನೆಗೆ ಹೋದೆ. ತಿಳಿಯದಿದ್ದುದು ಯಾರಿಗೆ ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಮಹಾನವಮಿಗೆ ರಜೆ ಹಾಕಿ ಅಫಜಲಪುರಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ, ಕಡಗಂಚಿ ದಾಟಿ, ಆಳಂದದಲ್ಲಿ ಮತ್ತೆ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ತೊಗರಿ ಹಳದಿ ಹೂ ಬಿಟ್ಟಿತ್ತು. ಬಸ್ಸು ಶೆಡ್ಡಿನ ಕಡೆ ತಿರುಗಿದಾಗ ಬಿಸಿಲಿಗೆ ಏನೋ ಬೆಳ್ಳಗೆ ಹೊಳೆದು ಕಣ್ಣು ಕುಕ್ಕಿತು.

ಗೋಡೆಗೆ ಸುಣ್ಣ ಹಚ್ಚಿದ್ದರು.

ಕಾಟಾಚಾರಕ್ಕೆ ಹಚ್ಚಿದ್ದಲ್ಲ. ನಿಂಗಪ್ಪ ಸುಣ್ಣವನ್ನು ತನ್ನ ಹಳೆಯ ಧೋತರದಲ್ಲಿ ಸೋಸಿದ್ದ, ಗೋಂದು ಹಾಕಿದ್ದ, ಬಿಳುಪು ಎದ್ದು ಕಾಣಲೆಂದು ಚೂರು ನೀಲಿ ಬೆರೆಸಿದ್ದ. ಮೂರು ಕೈ ಹೊಡೆದಿದ್ದ. ಕೆಳಗೆ ಗೇಣಗಲ ಕೆಮ್ಮಣ್ಣಿನ ಪಟ್ಟಿ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಹಬ್ಬಕ್ಕೆ ನಮ್ಮ ಕಡೆ ಮನೆಗೂ ಗುಡಿಗೂ ಹೇಗೆ ಮಾಡುತ್ತಾರೋ ಹಾಗೆ, ಅಷ್ಟೇ ಭಕ್ತಿಯಿಂದ ಮಾಡಿದ್ದ. ಶೆಡ್ಡಿನ ಪಕ್ಕ ಸುಣ್ಣ ನೆನೆಹಾಕಿದ ಡ್ರಮ್ಮು ಇನ್ನೂ ಇತ್ತು, ತಳದಲ್ಲಿ ಉಳಿದದ್ದರ ವಾಸನೆ ಬರುತ್ತಿತ್ತು.

"ಯಾರು ಹೇಳಿದ್ರು ನಿಂಗಪ್ಪ?" ಎಂದು ಕೇಳಿದೆ.

ಅವನಿಗೆ ಶಾಭಾಸ್ ಅಂತಾರೆ ಎಂಬ ಆಸೆ ಇತ್ತು, ಮುಖ ಇಳಿಯಿತು. "ನೀವೇ ಬರ್ದೀರಲ್ರಿ. ಪ್ರತಿ ವರ್ಷ ಸುಸ್ಥಿತಿಯಾಗ ಇಡಬೇಕಂತ. ಸುಣ್ಣ ಇಲ್ದ ಸುಸ್ಥಿತಿ ಹ್ಯಾಂಗ್ರಿ?"

ಮಾಲೀಪಾಟೀಲರು ಅವನಿಗೆ ಹೇಳಿ ಮಾಡಿಸಿದರೇ ಎಂದು ಆಮೇಲೆ ನಾಲ್ಕು ಮಂದಿ ಕೇಳಿದ್ದಾರೆ. ಇಲ್ಲ. ಅವರು ಒಂದು ಮಾತೂ ಆಡಿರಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಚಿತ್ರ ಎಂಬ ಒಂದು ಶಬ್ದ ನಾನು ತೆಗೆದಿದ್ದೆ. ಉಳಿದದ್ದನ್ನು ನಮ್ಮ ಹಬ್ಬ ತಾನೇ ಮಾಡಿತು.

ಭೀಮಬಾಯಿ ಗೋಡೆಯ ಮುಂದೆ ನಿಂತಿದ್ದಳು. ನನ್ನನ್ನು ನೋಡಿ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಇಂದಿಗೆ ಮರೆತಿರುತ್ತಿದ್ದೆ. ಅವಳು ಗೋಡೆಯ ಉದ್ದಕ್ಕೂ ಒಮ್ಮೆ ಅತ್ತ, ಒಮ್ಮೆ ಇತ್ತ ನಡೆದು, ನನ್ನ ಕಡೆ ತಿರುಗಿ ಕೇಳಿದಳು.

"ಸಾಹೇಬ್ರ, ಅಕಿ ಯಾವ ಕಡಿ ಇದ್ಳು ಅಂತ ಗುರ್ತು ಸಿಗವಲ್ದ್ರಿ. ಎಲ್ಲಿ ಕುಂಡ್ರಲಿ?"

ನನಗೂ ಗುರುತು ಸಿಗಲಿಲ್ಲ. ಠರಾವಿಗೆಂದು ಗೋಡೆಯ ಉದ್ದ ಅಗಲ ಟೇಪು ಹಿಡಿದು ಅಳೆದವನು ನಾನು, ಅದರ ಮೇಲೆ ಯಾರು ಎಲ್ಲಿದ್ದರು ಎಂದು ಒಂದು ಸಾಲು ಬರೆದುಕೊಂಡಿರಲಿಲ್ಲ. ಹೆಗಲ ಮೇಲಿನ ಟವೆಲು ಒದ್ದೆ ಮಾಡಿ ಉಜ್ಜಲು ಹೋದೆ. ನಿಂಗಪ್ಪ ಅಳುವ ಹಾಗಾಗಿ ತಾನೂ ಉಜ್ಜಲು ಬಂದ. ಅಷ್ಟರಲ್ಲಿ ಯಾರೋ ಸೈಕಲ್ಲಿನ ಮೇಲೆ ಹೋಗಿ ದಸ್ತಗೀರಸಾಬನನ್ನು ಕರೆತಂದರು.

"ಕೈ ತೆಗೀರಿ!" ದೂರದಿಂದಲೇ ಕೂಗಿದ. ಹತ್ತಿರ ಬಂದು ಗೋಡೆಗೆ ಉಗುರು ಹಚ್ಚಿ ನೋಡಿದ. "ಈಗ ಕೆರ್ದ್ರ ಸುಣ್ಣದ ಜೋಡಿ ಬಣ್ಣಾನೂ ಬರ್ತದ. ಸುಮ್ಮ ಬಿಡ್ರಿ. ಇದು ಟ್ರಕ್ಕಿನ ಎಣ್ಣಿ ಬಣ್ಣ ಅದ, ಸುಣ್ಣ ಇದಕ್ಕ ಗಟ್ಟಿ ಹತ್ತೂದಿಲ್ಲ. ಎರಡು ಮಳಿಗಾಲ ಯಾರೂ ಮುಟ್ಟಬ್ಯಾಡ್ರಿ, ತಾನೇ ಪದರ ಬಿಡ್ತದ."

"ಎರಡು ಮಳಿಗಾಲ ಬಿಡಾಕ ಬರಂಗಿಲ್ಲಲ್ಲ," ನಿಂಗಪ್ಪ ಅಂದ. "ಠರಾವಿನಾಗ ಪ್ರತಿ ವರ್ಷ ಅಂತ ಅದ."

ದಸ್ತಗೀರಸಾಬ ನನ್ನ ಮುಖ ನೋಡಿದ.  ಎಡಗಡೆಯ ಕಂಬದ ನೇರಕ್ಕೆ ನಿಂತು, ಮೊಳ ಹಾಕುತ್ತ ಹಾಕುತ್ತ ಬಂದು, ಒಂದು ಕಡೆ ಇದ್ದಲಿಯಿಂದ ಸಣ್ಣ ಗೆರೆ ಎಳೆದ. "ಇಲ್ಲಿ ಅದಾಳ ನಿನ್ನ ಮಗಳು. ಕುಂಡ್ರು ತಂಗಿ." ಭೀಮಬಾಯಿ ಬಿಳಿ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, ಅಲ್ಲೇ ಕೂತಳು.

ಆ ವಾರವೇ ತಿದ್ದುಪಡಿ ಬರೆದೆ. ಗೋಡೆ ಎಂಬಲ್ಲಿ ಚಿತ್ರ ಎಂದು, ಸುಣ್ಣ ಹಚ್ಚಕೂಡದು ಎಂದು, ಚಿತ್ರದಲ್ಲಿರುವವರ ಹೆಸರು ಒಂದೊಂದಾಗಿ. ಸಭೆಗೆ ಇಡಲಿಲ್ಲ. ಮೊದಲ ಸಭೆ ಬಂದಾಗ ಜೋಳದ ಬಿತ್ತನೆ, ಮಂದಿ ಇಲ್ಲ ಅಂದೆ. ಎರಡನೆಯ ಸಭೆಯಲ್ಲಿ ಪ್ರಧಾನರ ಮುಖ ಸರಿಯಿಲ್ಲ ಅಂದೆ. ಖರೆ ಸಂಗತಿ ಎಂದರೆ ನಾನು ಅಂಜಿದೆ. ಚಂದಮ್ಮನ ಹೆಸರನ್ನು ಆ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಮಾಲೀಪಾಟೀಲರು ನನ್ನ ಮುಖ ನೋಡಬೇಕು, ಎಲ್ಲರೂ ಒಪ್ಪುವ ವಾಕ್ಯ ಬರೆಯುವವನು ಎಂಬ ಹೆಸರು ಹೋಗಬೇಕು. ಅದಕ್ಕೆ ನನ್ನಲ್ಲಿ ಎದೆ ಇರಲಿಲ್ಲ. ತೊಗರಿ ರಾಶಿಯ ಹೊತ್ತಿಗೆ ಜೇವರ್ಗಿಗೆ ವರ್ಗವಾಯಿತು. ನನ್ನ ಪುಣ್ಯ ಎಂದುಕೊಂಡು ಗಂಟು ಕಟ್ಟಿದೆ. ಕರಡು ಟ್ರಂಕಿನ ತಳ ಸೇರಿತು.

ಆರು ವರ್ಷದ ನಂತರ ಖಜೂರಿಯ ಕಡೆ ಒಂದು ಮದುವೆಗೆ ಹೋಗುವುದಿತ್ತು. ಹೋಗಬಾರದು ಎಂದುಕೊಂಡೇ ಆ ಊರಿನ ಬಸ್ಸು ಹತ್ತಿದೆ. ಹೊಸ ಶೆಡ್ಡು ಪಕ್ಕದಲ್ಲಿ ಎದ್ದಿತ್ತು. ಹಳೆಯ ಗೋಡೆ ಹಾಗೇ ಇತ್ತು, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟಿ ಎಳೆದು, ನನ್ನ ಠರಾವಿನ ಪ್ರಕಾರ ಸುಸ್ಥಿತಿಯಲ್ಲಿ. ಒಂದೇ ಒಂದು ಕಡೆ ಬಿಳುಪು ಇರಲಿಲ್ಲ. ಒಬ್ಬ ಹೆಂಗಸು ನಿಂತರೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟು. ಅದರೊಳಗಿಂದ ಚಂದಮ್ಮ ನನ್ನ ಕಡೆ ನೋಡುತ್ತಿದ್ದಳು, ಸಣ್ಣ ಕಣ್ಣು, ಹಲ್ಲಿನ ಸಂದು, ಕೈಯಲ್ಲಿ ಬುಟ್ಟಿ. ಬುಟ್ಟಿಯ ಆಚೆ, ಸುಣ್ಣದ ಅಂಚಿನಿಂದ ಹೊರಗೆ ಚಾಚಿಕೊಂಡು, ಇಸ್ಕೊಳ್ಳುವ ಎರಡು ದೊಡ್ಡ ಕೈ.

ನಿಂಗಪ್ಪ ಮುದುಕನಾಗಿದ್ದ. ಯಾರು ಬಿಡಲು ಹೇಳಿದರು ಎಂದು ಕೇಳಿದೆ.

"ಯಾರೂ ಹೇಳಿಲ್ರಿ. ಮರುವರ್ಷ ನಾ ಸುಣ್ಣ ತಗೊಂಡು ಬಂದೆ, ಭೀಮಬಾಯಿ ಬಂದು ಆ ಗೆರಿ ಇತ್ತಲ್ರಿ, ಅಲ್ಲಿ ಗ್ವಾಡಿಗಿ ಬೆನ್ನು ಹಚ್ಚಿ ನಿಂತ್ಳು. ಸರಿ ಅಂದೆ, ಸರೀಲಿಲ್ಲ. ಅಕಿ ಸುತ್ತ ಬಳ್ದೆ. ಪ್ರತಿ ವರ್ಷ ಹಂಗೇ. ಮುಂಜಾನಿಂದ ನಾ ಮುಗಿಸೂತನಕ ನಿಂತಿರ್ತಾಳ. ದಸ್ತಗೀರಸಾಬ ಅಂದಾಂಗ ಅಷ್ಟು ಜಾಗಾ ಪದರ ಬಿಡ್ತು."

"ಮತ್ತ ಆ ಕೈ? ಅಲ್ಲಿತನಕ ಅಕಿ ಬೆನ್ನು ಮುಟ್ಟಂಗಿಲ್ಲಲ್ಲ."

ನಿಂಗಪ್ಪ ಸುತ್ತ ನೋಡಿ ದನಿ ಸಣ್ಣ ಮಾಡಿದ. "ಮಾಲೀಪಾಟೀಲ್ರು. ಬಸ್ಸಿಗಿ ನಿಂತಾಗ ಕೀಲಿಕೈಲಿಂದ ಕೆರೀತಿರ್ತಾರ್ರಿ, ಎದ್ದ ಪದರ ಅಷ್ಟಷ್ಟೇ. ಯಾರರೆ ಬಂದ್ರ ಕಿಸೆದಾಗ ಇಟ್ಕೋತಾರ. ನಾನೂ ನೋಡಿಲ್ಲ ಅಂತ ಇರ್ತೇನಿ."

ಅವರ ಮನಸ್ಸು ಬದಲಾಯಿತು ಎಂದು ನಾನು ಬರೆಯಲಾರೆ, ನನಗೆ ಗೊತ್ತಿಲ್ಲ. ಅಪ್ಪನ ಕೈ ಇದ್ದಲ್ಲಿ ಬಿಳಿ ನೋಡುವುದು ಆಗದೆ ಹೋಗಿರಬೇಕು. ತಂದೆಯ ಕೈ ಬೇಕೆಂದರೆ ಬುಟ್ಟಿಯೂ ಬೇಕಾಗುತ್ತದೆ, ಬುಟ್ಟಿ ಬೇಕೆಂದರೆ ಕೊಡುವವಳೂ ಬೇಕಾಗುತ್ತದೆ. ಅಷ್ಟು ಅವರು ಒಪ್ಪಿದ್ದರು, ದಸ್ಕತ್ ಇಲ್ಲದೆ.

ಹೊರಡುವ ಹೊತ್ತಿಗೆ ಭೀಮಬಾಯಿ ಬಂದಳು. ಸೊಂಟ ಬಗ್ಗಿತ್ತು. ನನ್ನ ಗುರುತು ಹಿಡಿದಳು, ಠರಾವಿನ ನೆನಪೂ ಅವಳಿಗೆ ಇತ್ತು.

"ಬಂದ್ರೇನ್ರಿ ಸಾಹೇಬ್ರ? ಈಗರೆ ಬರ್ದೀರೇನು ಹೆಸರು?"

"ಬರೀತೇನಿ ಯವ್ವಾ," ಅಂದೆ.

"ಬರೀರಿ. ನಾ ಎಷ್ಟು ವರ್ಷ ಅಂತ ಬೆನ್ನು ಕೊಡ್ಲಿ?"

ಬರೆಯಲಿಲ್ಲ. ಆಗ ನಾನು ಆ ಊರಿನ ಸೆಕ್ರೆಟರಿಯೂ ಅಲ್ಲ, ಮಂಡಲ ಪಂಚಾಯಿತಿಗಳೂ ಅಷ್ಟರಲ್ಲಿ ರದ್ದಾಗಿದ್ದವು ಎಂದು ನನಗೆ ನಾನು ಹೇಳಿಕೊಂಡೆ. ಭೀಮಬಾಯಿ ಅದಾದ ಮೂರು ಚಳಿಗಾಲ ಇದ್ದಳಂತೆ. ಅವಳು ಹೋದ ಮೇಲೂ ನಿಂಗಪ್ಪ ಇರುವವರೆಗೆ ಅಷ್ಟು ಜಾಗ ಬಿಟ್ಟೇ ಸುಣ್ಣ ಹಚ್ಚಿದನಂತೆ. ಮುಂದೆ ರಸ್ತೆ ಅಗಲವಾಗುವಾಗ ಗೋಡೆಯೂ ಹೋಯಿತು ಎಂದು ಆ ಕಡೆಯಿಂದ ಬಂದವರು ಹೇಳಿದರು. ಠರಾವು ಇತ್ತು ಎಂಬುದು ಯಾರಿಗೂ ನೆನಪಿರಲಿಲ್ಲ, ಹುಡುಕಿದ್ದರೂ ಅದರಲ್ಲಿ ಒಂದು ಗೋಡೆ ಸಿಗುತ್ತಿತ್ತು ಅಷ್ಟೇ.

ನಿನ್ನೆ ಟ್ರಂಕು ತೆಗೆದೆ. ಕರಡು ಸಿಕ್ಕಿತು, ಮಡಿಕೆಯಲ್ಲಿ ಹರಿದಿತ್ತು. ಅಂದು ಸಭೆಯಲ್ಲಿ ಓದದೆ ಉಳಿದದ್ದನ್ನು ಈಗ ಓದುತ್ತಿದ್ದೇನೆ. ಯಾರ ಒಪ್ಪಿಗೆಯೂ ಬೇಡ, ದಸ್ಕತ್ ನನ್ನದೊಂದೇ.

ಗೋಡೆ ಎಂಬಲ್ಲಿ ಚಿತ್ರ ಎಂದು ಓದಿಕೊಳ್ಳತಕ್ಕದ್ದು. ಸದರಿ ಚಿತ್ರದಲ್ಲಿ ಊರಿನ ಮಂದಿ ತಮ್ಮ ರಸ್ತೆಯನ್ನು ತಾವೇ ಮಾಡುತ್ತಿದ್ದಾರೆ. ಎಡಗಡೆಯಿಂದ ಎಂಟನೆಯವರು ಹಿರಿಯ ಮಾಲೀಪಾಟೀಲರು, ಬುಟ್ಟಿ ತೆಗೆದುಕೊಳ್ಳುತ್ತಿದ್ದಾರೆ. ಏಳನೆಯವಳು ಬುಟ್ಟಿ ಕೊಡುತ್ತಿದ್ದಾಳೆ. ಅವಳ ಹೆಸರು ಚಂದಮ್ಮ, ಭೀಮಬಾಯಿಯ ಮಗಳು.